ಡೇರಿ ಕ್ಯಾನು ಹೊತ್ತು ಗುಡ್ಡ ಹತ್ತಿದವರಿಗೆ

ಮೊದಲು ನನ್ನ ತಪ್ಪು ಹೇಳಿಕೊಂಡುಬಿಡುತ್ತೇನೆ. ಮೊನ್ನೆ ನಮ್ಮೂರ ಗುಡ್ಡಕ್ಕೆ ಬೆಂಕಿ ಬಿದ್ದಾಗ ಮೊದಲ ಹತ್ತು ನಿಮಿಷ ನಾನು ವಿಡಿಯೊ ಮಾಡುತ್ತಾ ನಿಂತಿದ್ದೆ. ಆ ವಿಡಿಯೊ ವಾಟ್ಸಾಪಿನಲ್ಲಿ ಊರೂರು ಸುತ್ತಿ ಬಂದು, "ಒಳ್ಳೆ ಕೆಲಸ ಮಾಡಿದ್ರಿ ಸಾರ್" ಅಂತ ಈಗ ನನಗೇ ಮೆಸೇಜು ಬರ್ತಿವೆ. ನಾಚಿಕೆ ಆಗುತ್ತೆ. ಅದರಲ್ಲಿ ಕಾಣಿಸದವರ ವಿಷಯ ಬರೆಯೋಣ ಅಂತ ಕೂತಿದ್ದೇನೆ.

ತುಮಕೂರು ಹತ್ತಿರದ ದೇವರಾಯನದುರ್ಗದ ಬೆಟ್ಟಸಾಲು ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಶಿವರಾತ್ರಿ ಹೊತ್ತಿಗೆ ಬಾದೆಹುಲ್ಲು ಎದೆಮಟ್ಟ ಒಣಗಿ ನಿಂತಿರುತ್ತೆ, ಒಂದು ಬೀಡಿ ತುಂಡು ಸಾಕು. ನಮ್ಮ ಗುಡ್ಡ ಆ ಸಾಲಿನ ಸೆರಗಿನಲ್ಲಿದೆ. ಮಧ್ಯಾಹ್ನ ಮೂರೂವರೆ ಇರಬಹುದು, ಕುರಿ ಕಾಯೋ ತಾತ ಹೊಗೆ ನೋಡಿ ಮೊಮ್ಮಗನಿಗೆ ಫೋನ್ ಮಾಡಿದ. ಕಾಡಿನ ಬೆಂಕಿಯನ್ನು ಉಪಗ್ರಹ ನೋಡಿ ಇಲಾಖೆಯವರ ಮೊಬೈಲಿಗೆ ಮೆಸೇಜು ಹಾಕುವ ವ್ಯವಸ್ಥೆ ಇದೆ, ನಿಜ. ಆದರೆ ಉಪಗ್ರಹ ನಮ್ಮ ತಲೆಯ ಮೇಲೆ ಹಾದುಹೋಗೋದು ದಿನಕ್ಕೆ ಕೆಲವೇ ಸಲ. ತಾತ ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲೇ ಇರ್ತಾನೆ.

101ಕ್ಕೆ ಫೋನ್ ಹೋಯಿತು. ಅಗ್ನಿಶಾಮಕದ ಗಾಡಿ ಬಂತು, ಆದರೆ ಬಂಡೆಯ ಮೇಲೆ ಅದು ಹತ್ತುವುದಾದರೂ ಹೇಗೆ? ಬುಡದಲ್ಲಿ ನಿಂತು ಮಾವಿನ ತೋಪನ್ನೂ ನಾಲ್ಕು ರಾಗಿಹುಲ್ಲಿನ ಬಣವೆಗಳನ್ನೂ ಉಳಿಸಿಕೊಟ್ಟರು, ಅದೇನು ಸಣ್ಣ ಕೆಲಸವಲ್ಲ. ಗುಡ್ಡದ ಮೇಲಿನದು ಮಾತ್ರ ನಮ್ಮ ಪಾಲಿಗೇ ಉಳಿಯಿತು.

ಅರಣ್ಯ ಇಲಾಖೆಯಿಂದ ಬಂದ ಬೆಂಕಿ ವಾಚರ್ ನಮ್ಮ ಪಕ್ಕದ ಹಳ್ಳಿಯವನೇ, ದಿನಗೂಲಿ ಲೆಕ್ಕದಲ್ಲಿ ಬೇಸಿಗೆಗೆ ಮಾತ್ರ ತಗೊಂಡಿರೋ ಆಳು. ಬಂದವನೇ ಮೊದಲು ಮಾಡಿದ ಕೆಲಸ ನಮ್ಮ ಹುಡುಗರಲ್ಲಿ ಆರು ಜನರನ್ನು ವಾಪಸ್ ಕಳಿಸಿದ್ದು. ಎಲ್ಲರೂ ಕ್ರಿಕೆಟ್ ಜರ್ಸಿಯಲ್ಲಿದ್ದರು. "ಅದು ಕರಗಿ ಮೈಗೇ ಅಂಟ್ಕೊಳತ್ತೆ, ಹತ್ತಿ ಬಟ್ಟೆ ಹಾಕ್ಕೊಂಡು ಬನ್ರಪ್ಪ" ಅಂದ. ಆಮೇಲೆ ಇನ್ನೊಂದು ಮಾತು: "ಬೆಂಕಿ ಮೇಲ್ಗಡೆ ಯಾರೂ ನಿಲ್ಬೇಡಿ. ಪಕ್ಕದಿಂದ ಬಡೀರಿ." ಉರಿ ಏರು ಹತ್ತುವಾಗ ತನ್ನ ಮುಂದಿನ ಹುಲ್ಲನ್ನು ತಾನೇ ಕಾಯಿಸಿಕೊಂಡು ಓಡುತ್ತೆ, ಮನುಷ್ಯನ ಕಾಲು ಅದಕ್ಕೆ ಸಾಟಿಯಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕ ಮುರಿಗೆಪ್ಪ ಹಿಂದಿರುಗಿ ಬರಲಿಲ್ಲ. ಈ ಕೆಲಸ ಗೊತ್ತಿದ್ದವರಿಗೇ ಹಾಗಾಗುತ್ತೆ ಅಂದರೆ, ನಮ್ಮ ಜರ್ಸಿ ಹುಡುಗರ ಗತಿ?

ಕೈಗೆ ಸಿಕ್ಕ ಸೊಪ್ಪು ಮುರಿದುಕೊಂಡು ಬಡಿಯೋಕೆ ಹೋದವರಿಗೆ ಅವನಿಂದ ಇನ್ನೊಂದು ಬೈಗುಳ. ಬಂದರೆ ಅನ್ನೋ ಗಿಡದ ಸೊಪ್ಪು ಹಸಿಯಾಗಿದ್ದರೂ ಹೊತ್ತಿಕೊಳ್ಳುತ್ತಂತೆ. ನಾನು ಮುರಿದದ್ದು ಅದನ್ನೇ. ಹೊಂಗೆ ಕೊಂಬೆ ಬಂತು, ತೋಟದಿಂದ ಹಸಿ ತೆಂಗಿನ ಗರಿ ಬಂತು.

ನೀರಿನ ಕಥೆ ಇನ್ನೂ ಚೆನ್ನಾಗಿದೆ. ಐದು ಗಂಟೆ, ಡೇರಿಗೆ ಹಾಲು ಹಾಕೋ ಹೊತ್ತು. ದೇವಸ್ಥಾನದ ಮೈಕಿನಲ್ಲಿ ಕೂಗಿಸಿದ್ದರೂ ಸುದ್ದಿ ನಿಜವಾಗಿ ಮುಟ್ಟಿದ್ದು ಡೇರಿ ಕಟ್ಟೆಯಲ್ಲಿ. ಹಾಲು ಹಾಕಿ ನಿಂತಿದ್ದ ಹೆಂಗಸರು ಖಾಲಿ ಕ್ಯಾನುಗಳನ್ನು ತೊಂಬೆ ನೀರಲ್ಲಿ ತುಂಬಿಸಿ ಟ್ರ್ಯಾಕ್ಟರಿಗೆ ಏರಿಸಿದರು. ಟ್ರ್ಯಾಕ್ಟರ್ ನಿಂತ ಕಡೆಯಿಂದ ಮೇಲಕ್ಕೆ ಇಬ್ಬಿಬ್ಬರು ಕ್ಯಾನಿನ ಕಿವಿ ಹಿಡಿದು ಹೊತ್ತರು. ಅಡಿಕೆಗೆ ಔಷಧಿ ಹೊಡೆಯೋ ಸ್ಪ್ರೇಯರು ಬೆನ್ನಿಗೆ ಕಟ್ಟಿಕೊಂಡವರಿಗೆ ಆ ನೀರು. ಬಂಡೀಪುರಕ್ಕೆ 2019ರಲ್ಲಿ ವಾಯುಪಡೆಯ ಹೆಲಿಕಾಪ್ಟರ್ ಬಂದಿತ್ತು. ನಮ್ಮ ಗುಡ್ಡಕ್ಕೆ ಬಂದದ್ದು ಡೇರಿ ಕ್ಯಾನು. ಒಬ್ಬ ಅಕ್ಕ ನೀರಿನ ಜೊತೆ ಒಂದು ಕ್ಯಾನು ಮಜ್ಜಿಗೆಯನ್ನೂ ಕಳಿಸಿದ್ದರು, ಕತ್ತಲಲ್ಲಿ ಅದನ್ನೂ ಒಬ್ಬ ಸ್ಪ್ರೇಯರಿಗೆ ಸುರಿದುಕೊಂಡ. ಇಂಗು ಒಗ್ಗರಣೆಯ ವಾಸನೆಯಲ್ಲಿ ಬೆಂಕಿ ಆರಿದ್ದು ಜಿಲ್ಲೆಯಲ್ಲಿ ಇದೇ ಮೊದಲಿರಬೇಕು.

ರಾತ್ರಿ ಎಂಟರ ಮೇಲೆ ಗಾಳಿ ಬಿತ್ತು, ಹುಲ್ಲಿಗೆ ತೇವ ಹತ್ತಿತು, ಉರಿ ಮೊಣಕಾಲಿಗಿಳಿಯಿತು. ಹನ್ನೊಂದಕ್ಕೆ ಚಿತ್ರಾನ್ನ ತಿಂದು ನಾವೆಲ್ಲ ಇಳಿದೆವು. ವಾಚರ್ ಇಳಿಯಲಿಲ್ಲ. ಒಣ ಸಗಣಿ, ಮರದ ಬೊಡ್ಡೆ ಒಳಗೊಳಗೇ ಉರಿದು ಬೆಳಗ್ಗೆ ಮತ್ತೆ ಹೊತ್ತಿಕೊಳ್ಳುತ್ತವೆ ಅಂತ ಇಬ್ಬರನ್ನು ಉಳಿಸಿಕೊಂಡು ಅಲ್ಲೇ ಸುತ್ತಾಡಿದ. ಮಾರನೆ ದಿನ ಸನ್ಮಾನ, ಶಾಲು ಅಂತ ಪಂಚಾಯ್ತಿ ಹತ್ತಿರ ಮಾತೆದ್ದಾಗ ಅವನು ಮನೆಯಲ್ಲಿ ನಿದ್ದೆ ಮಾಡುತ್ತಿದ್ದ. ಶಾಲು ಬೇಡ ಅಂತಲ್ಲ, ಹೊದೆಸೋಣ. ಆದರೆ ನನ್ನ ಪ್ರಕಾರ ಅವನಿಗೆ ಸಲ್ಲಬೇಕಾದದ್ದು ಬೇರೆ ಇದೆ: ಹುಲ್ಲು ಪೂರ್ತಿ ಒಣಗುವ ಮುಂಚೆ, ಜನವರಿಯಲ್ಲೇ, ಬೆಂಕಿ ರೇಖೆ, ಅಂದರೆ ಉರಿ ದಾಟದ ಹಾಗೆ ಹುಲ್ಲು ಕೆರೆದು ಬೋಳು ಮಾಡಿದ ಗೆರೆ, ಬಿಡಿಸೋಕೆ ಮನೆಗೊಬ್ಬರು ಹೋಗೋದು. ಈ ಸಲ ಅವನು ಮೂರು ಜನರ ಜೊತೆ ಕೆರೆದ ಗೆರೆ ಪಶ್ಚಿಮದ ಬದಿಯಲ್ಲಿ ಮಾತ್ರ ಇತ್ತು. ಬೆಂಕಿ ನಿಂತದ್ದೂ ಅಲ್ಲೇ.

ಇನ್ನು ಕಹಿ ವಿಷಯ. ಮಾರನೆ ದಿನದಿಂದಲೇ "ತಾತನೇ ಹಚ್ಚಿರ್ತಾನೆ, ಹೊಸ ಹುಲ್ಲು ಬರ್ಲಿ ಅಂತ" ಅಂತ ಗುಸುಗುಸು. ಸುಟ್ಟರೆ ಹುಲ್ಲು ಚೆನ್ನಾಗಿ ಚಿಗುರುತ್ತೆ ಅನ್ನೋ ನಂಬಿಕೆ ನಮ್ಮ ಕಡೆ ಇದೆ, ಒಪ್ಪುತ್ತೇನೆ. ಮೊದಲ ಮಳೆಗೆ ಹಸಿರು ಕಾಣುತ್ತೆ, ಅದೇ ಮಳೆಗೆ ಬೋಳು ಗುಡ್ಡದ ಮಣ್ಣೆಲ್ಲ ಕೆರೆಗೆ ಇಳಿಯುತ್ತೆ, ಅದನ್ನು ಯಾರೂ ಲೆಕ್ಕ ಹಾಕಲ್ಲ. ಆದರೆ ಬದುವಿನ ಕಸಕ್ಕೆ ಕಡ್ಡಿ ಗೀರಿ ಊಟಕ್ಕೆ ಹೋಗುವವರು ನಮ್ಮೂರಲ್ಲಿ ಎಷ್ಟು ಜನ ಇಲ್ಲ? ಗುಡ್ಡದ ಮೇಲೆ ಕೂತು ಸಿಗರೇಟು ಎಸೆದು ಬರುವ ಬೈಕಿನವರು? ಕಾಡು ತಾನಾಗಿ ಹೊತ್ತಿಕೊಳ್ಳೋದು ನಮ್ಮ ಸೀಮೆಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು, ಹಚ್ಚಿದ್ದು ಯಾವುದೋ ಕೈಯೇ. ಆ ಕೈ ಯಾರದ್ದು ಅಂತ ನೋಡಿದವರಿಲ್ಲ. ಹೊಗೆ ನೋಡಿ ಮೊದಲು ಫೋನ್ ಮಾಡಿದ ಕೈ ಯಾರದ್ದು ಅಂತ ಎಲ್ಲರಿಗೂ ಗೊತ್ತು.

ತಾತ ಮೂರು ದಿನದಿಂದ ಡೇರಿ ಕಟ್ಟೆಗೆ ಬಂದಿಲ್ಲ. ಎರಡು ಆಡು, ಒಂದು ಹಸು ಅವನಿಗೆ, ಹಾಲನ್ನು ಮೊಮ್ಮಗನ ಕೈಲಿ ಕಳಿಸ್ತಿದ್ದಾನೆ. ಇವತ್ತು ಸಂಜೆ ನಾನೇ ಹೋಗಿ ಕರ್ಕೊಂಡು ಬರ್ತೀನಿ. ಕ್ಯಾನು ಹೊತ್ತವರು ಯಾರಾದ್ರೂ ಜೊತೆಗೆ ಬಂದ್ರೆ ಒಳ್ಳೆಯದು. ಐದಕ್ಕೆ ಅರಳಿಕಟ್ಟೆ ಹತ್ತಿರ ಇರ್ತೀನಿ.