ಸ್ಲಾವೆಯ್ಕೊವ್‌ಗೆ ಯಾಕೆ ಅರ್ಧ ಕ್ರೆಡಿಟ್ಟು?

ಬಲ್ಗೇರಿಯನ್ ಬೈಬಲ್ ಅಂದ ಕೂಡಲೇ ಎಲ್ಲರೂ ಹೇಳೋದು ಬೈಬಲನ್ನು ಸ್ಲಾವ್ ಮಾತಿಗೆ ತಂದ ಸಿರಿಲ್, ಮೆಥೋಡಿಯಸ್ ಅಣ್ಣತಮ್ಮಂದಿರ ಹೆಸರು. 9ನೇ ಶತಮಾನದ ಮಾತು. ಮೆಥೋಡಿಯಸ್ 885ರಲ್ಲಿ ತೀರಿಕೊಂಡ ಮೇಲೆ ಅವನ ಶಿಷ್ಯರನ್ನು ಅವರು ಕೆಲಸ ಮಾಡುತ್ತಿದ್ದ ಮೊರಾವಿಯಾ ರಾಜ್ಯದಿಂದ ಓಡಿಸಿದರು. ಆಸರೆ ಕೊಟ್ಟವನು ಬಲ್ಗೇರಿಯಾದ ಅರಸ ಬೋರಿಸ್. ಹೆಮ್ಮೆ ಪಡುವಂಥದ್ದೇ, ಬಿಡಿ. ಆದರೆ ನನಗೆ ಜಾಸ್ತಿ ಹಿಡಿಸೋದು ಸಾವಿರ ವರ್ಷದ ನಂತರದ ಕತೆ: ಸ್ಲಾವೆಯ್ಕೊವ್ ಅನ್ನೋ ಕವಿ ಕೈಜೋಡಿಸಿದ, ಆದರೂ ಕೆಲವರು ಬರೀ ‘ಮಿಷನರಿಗಳ ಕೆಲಸ’ ಅನ್ನೋ ಆಡುಮಾತಿನ ಬೈಬಲ್‌ನದು.

ಅಷ್ಟರಲ್ಲಿ ಜನರ ಮಾತು ಎಲ್ಲೋ ಹೋಗಿತ್ತು, ಚರ್ಚಿನಲ್ಲಿ ಓದುತ್ತಿದ್ದ ಹಳೇ ಭಾಷೆ ಸ್ಲಾವೊನಿಕ್ ಅಲ್ಲೇ ನಿಂತಿತ್ತು. ಆಡುಮಾತಿನಲ್ಲಿ ವಿಭಕ್ತಿಗಳು ಹೆಚ್ಚುಕಡಿಮೆ ಉದುರಿಹೋಗಿ, ‘ಆ’ ಅನ್ನೋ ಅರ್ಥದ ಬಾಲವೊಂದು ಪದದ ಕೊನೆಗೆ ಅಂಟಿಕೊಂಡಿತ್ತು. ‘ಆದಿಯಲ್ಲಿ ವಾಕ್ಯವಿತ್ತು’ ಅಂತ ಯೋಹಾನನ ಸುವಾರ್ತೆ ಶುರುವಾಗುತ್ತಲ್ಲ, ಆ ‘ವಾಕ್ಯ’ ಹಳೇ ಪುಸ್ತಕದಲ್ಲಿ ‘ಸ್ಲೊವೊ’, ಹೊಸದರಲ್ಲಿ ‘ಸ್ಲೊವೊತೊ’. ಪುಟ್ಟ ‘ತೊ’. ಅದು ಬಂದಾಗಲೇ ಪುಸ್ತಕ ಮನೆಮಾತಿಗೆ ಇಳಿದದ್ದು.

ನಿಯೊಫಿಟ್ ರಿಲ್ಸ್ಕಿ ಅನ್ನೋ ಸನ್ಯಾಸಿ ಅನುವಾದಿಸಿದ ಹೊಸ ಒಡಂಬಡಿಕೆ (ಬೈಬಲ್‌ನ ಎರಡನೇ ಭಾಗ) 1840ರಲ್ಲಿ ಸ್ಮಿರ್ನಾದಲ್ಲಿ, ಅಂದರೆ ಈಗಿನ ಇಜ್ಮಿರ್‌ನಲ್ಲಿ, ಅಚ್ಚಾಯಿತು. ಆಗ ಬಲ್ಗೇರಿಯನ್ನರ ಚರ್ಚು ಕಾನ್‌ಸ್ಟಾಂಟಿನೋಪಲ್‌ನ ಗ್ರೀಕ್ ಧರ್ಮಗುರುಗಳ ಕೈಯಲ್ಲಿತ್ತು. ಅವರಿಗೆ ಇದು ಹಿಡಿಸಲಿಲ್ಲ. ಪುಸ್ತಕ ಮಾತ್ರ ಮತ್ತೆ ಮತ್ತೆ ಅಚ್ಚಾಯಿತು.

ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಅನುವಾದಕ್ಕೆ ಕೈಹಾಕಿದವರು ಕಾನ್‌ಸ್ಟಂಟಿನ್ ಫೊಟಿನೊವ್. ಬಲ್ಗೇರಿಯನ್ನಿನ ಮೊದಲ ಮಾಸಪತ್ರಿಕೆ ತಂದವರೂ ಇವರೇ. ಪಾಪ, ಬೈಬಲ್ ಅಚ್ಚಾಗೋದನ್ನು ನೋಡದೆ 1858ರಲ್ಲಿ ತೀರಿಕೊಂಡರು.

ಮುಂದೆ ಅಮೆರಿಕನ್ ಮಿಷನರಿಗಳಾದ ಎಲಯಸ್ ರಿಗ್ಸ್, ಆಲ್ಬರ್ಟ್ ಲಾಂಗ್ ಜೊತೆ ಕೂತವರು ಕವಿ ಪೆಟ್ಕೊ ಸ್ಲಾವೆಯ್ಕೊವ್. ಹಳ್ಳಿಗಾದೆಗಳನ್ನು ಸಾವಿರಗಟ್ಟಲೆ ಕೂಡಿಸಿದ್ದ ಮನುಷ್ಯ. ಯಾವ ಸೀಮೆಯ ಮಾತಲ್ಲಿ ಬರೆಯೋದು ಅನ್ನೋದೇ ದೊಡ್ಡ ತಲೆನೋವು. ನಿಯೊಫಿಟ್‌ರದು ಪಶ್ಚಿಮದ ಕಡೆಯ ಮಾತು, ಇವರು ಪೂರ್ವದ ಮಾತು ಹಿಡಿದರು. 1871ರಲ್ಲಿ ಪೂರ್ತಿ ಬೈಬಲ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅಚ್ಚಾಯಿತು. ಆ ಊರಿಗೆ ಬಲ್ಗೇರಿಯನ್ನರ ಹೆಸರು ತ್ಸಾರಿಗ್ರಾದ್, ಹಾಗಾಗಿ ಅದು ತ್ಸಾರಿಗ್ರಾದ್ ಬೈಬಲ್. ಶಿಷ್ಟ ಬಲ್ಗೇರಿಯನ್ ನೆಲೆನಿಲ್ಲಲು ಅದೂ ಒಂದು ಊರುಗೋಲಾಯಿತು.

ಇದನ್ನು ‘ಮಿಷನರಿಗಳ ಕೆಲಸ’ ಅಂತ ಸುಮ್ನೆ ಪಕ್ಕಕ್ಕಿಡುವವರ ಮೇಲೆ ನನಗೆ ಸಿಟ್ಟಿದೆ. ದುಡ್ಡು, ಅಚ್ಚುಕೂಟದ ವ್ಯವಸ್ಥೆ ಅವರದು, ಒಪ್ಪೋಣ. ರಿಗ್ಸ್ ಪಟ್ಟ ಶ್ರಮವೂ ಕಮ್ಮಿಯಲ್ಲ. ಆದರೆ ವಾಕ್ಯ ಕಿವಿಗೆ ಸರಿ ಕೇಳುತ್ತಾ ಅಂತ ಹೇಳಬೇಕಾದವರು ಆ ಮಾತಿನಲ್ಲೇ ಹುಟ್ಟಿ ಬೆಳೆದವರು ಅಲ್ವಾ? ಅದೂ ಸ್ಲಾವೆಯ್ಕೊವ್ ಆ ಮಿಷನರಿಗಳ ಹಾಗೆ ಪ್ರಾಟೆಸ್ಟೆಂಟ್ ಅಲ್ಲ. ಬಲ್ಗೇರಿಯನ್ನರಿಗೆ ಸ್ವಂತ ಆರ್ಥೊಡಾಕ್ಸ್ ಚರ್ಚು ಬೇಕು ಅಂತ ಪತ್ರಿಕೆಯಲ್ಲಿ ಜಗಳ ಕಾಯುತ್ತಿದ್ದವರು.

ಆ ಆರ್ಥೊಡಾಕ್ಸ್ ಚರ್ಚು ತನ್ನದೇ ಪೂರ್ತಿ ಬೈಬಲ್ ಹೊರತಂದದ್ದು 1925ರಲ್ಲಿ.