ಮಂಜುಗಡ್ಡೆಯ ಮೇಲೆ ಅಪ್ಪನ ಯೆಜ್ಡಿ

ಬಂಗುಡೆ ಬುಟ್ಟಿ ಮನೆ ಬಾಗಿಲಿಗೇ ಬರುತ್ತಿದ್ದ ಉಡುಪಿ ಕಡೆಯವನು ನಾನು. ಅಮೆರಿಕದ ಮಿನ್ನೆಸೋಟಕ್ಕೆ ಬಂದ ಮೇಲೆ ಮೀನಿಗೆ ಎರಡೇ ದಾರಿ ಉಳಿಯಿತು: ಒಂದೋ ಅಂಗಡಿಯ ಫ್ರೀಜರ್, ಇಲ್ಲವೇ ಊರಿಗೆ ಊರೇ ಫ್ರೀಜರ್ ಆದಾಗ ಸರೋವರದ ಮೇಲೆ ಹೋಗಿ ತೂತು ಕೊರೆಯುವುದು.

ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಹೋದರೆ ಮಿಲ್ ಲ್ಯಾಕ್ಸ್ ಸರೋವರ ಸಿಗುತ್ತದೆ. 500 ಚದರ ಕಿಲೋಮೀಟರಿಗೂ ದೊಡ್ಡದು. ನಡೆಯಲು 4 ಇಂಚು ಮಂಜುಗಡ್ಡೆ ಸಾಕಂತೆ. ಆದರೆ ವಾಲ್‌ಐ ಮೀನುಗಳಿಗೆ ದಡದ ಹತ್ತಿರ ಎಂತದೋ ಮುನಿಸು, ಮೈಲಿಗಟ್ಟಲೆ ಆಚೆ ಹೋಗಬೇಕು. ಕೊರೆಯುವ ಆಗರ್, ಟೆಂಟು, ಹೀಟರ್ ಎಲ್ಲ ಹೇರಿದ ಸ್ಲೆಡ್ಡನ್ನು ಎರಡು ಚಳಿಗಾಲ ಎತ್ತಿನ ಹಾಗೆ ಎಳೆದೆ. ಮೂರನೆಯ ವರ್ಷ ಸೊಂಟ ರಾಜೀನಾಮೆ ಕೊಟ್ಟಿತು. ಹಳೆಯದೊಂದು ಸ್ನೋಮೊಬೈಲ್ ಕೊಂಡೆ, ಚಕ್ರದ ಬದಲು ಟ್ರ್ಯಾಕ್ ಎಂಬ ರಬ್ಬರ್ ಪಟ್ಟಿಯ ಮೇಲೆ ಓಡುವ ಹಿಮದ ಬೈಕು. 1989ರ ಮಾಡೆಲ್, ಟೂ ಸ್ಟ್ರೋಕ್.

ಮಾರಿದವನು ಗಾಡಿಯನ್ನು ಮಗಳಂತೆ ಹೊಗಳಿದ. "ಹೊಸ ಗಾಡಿಗಳು ನೀರಿನಿಂದ ತಣಿಯುವವು, ಟ್ರ್ಯಾಕ್ ಎರಚುವ ಹಿಮ ಸಿಗದಿದ್ದರೆ ಬೋಳು ಗಡ್ಡೆಯ ಮೇಲೆ ಕುದಿಯುತ್ತವೆ. ಇದು ಫ್ಯಾನಿನದು, ಯೋಚನೆಯೇ ಇಲ್ಲ." ಟ್ರ್ಯಾಕಿನೊಳಗೆ ಉಜ್ಜುವ ಪ್ಲಾಸ್ಟಿಕ್ ಪಟ್ಟಿಗಳಿಗೂ ಹಿಮವೇ ಎಣ್ಣೆ, ಅದಿಲ್ಲದಿದ್ದರೆ ಅವು ಕರಗುತ್ತವೆ ಎಂಬುದನ್ನು ಹೇಳಲಿಲ್ಲ. ರಿವರ್ಸ್ ಗೇರ್ ಇಲ್ಲ ಎಂಬುದನ್ನೂ. ಈ ಗಾಡಿ ಹಿಂದೆ ಹೋಗಬೇಕಾದರೆ ನಾವು ಇಳಿದು, ಅದರ ಹಿಂಭಾಗ ಎತ್ತಿ, ಮದುಮಗಳನ್ನು ತಿರುಗಿಸಿ ಕೂರಿಸಿದ ಹಾಗೆ ತಿರುಗಿಸಬೇಕು. ಮದುಮಗಳು ಎರಡು ಕ್ವಿಂಟಲ್.

ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಮಾಡುವ ಹಗ್ಗ ಎಳೆದೆ. ನಲವತ್ತು ಸಲ. ಎಂಜಿನ್ನಿಗೆ ಗಾಳಿ ಹೋಗುವ ಏರ್ ಬಾಕ್ಸ್ ಬಿಚ್ಚಿದರೆ ಒಳಗೆ ಇಲಿಯ ಬಾಣಂತಿ ಕೋಣೆ: ಹತ್ತಿ, ಸೀಟಿನ ಸ್ಪಂಜು, ಚಳಿಗಾಲಕ್ಕೆ ದಾಸ್ತಾನಿಟ್ಟ ನಾಯಿ ತಿಂಡಿ. ಅದೆಲ್ಲ ತೆಗೆದ ಮೇಲೂ ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಅಪ್ಪನಿಗೆ ವೀಡಿಯೋ ಕಾಲ್ ಮಾಡಿದೆ. ಇಲ್ಲಿ ಬೆಳಿಗ್ಗೆ ಎಂಟು, ಅಲ್ಲಿ ಸಂಜೆ ಏಳೂವರೆ. ಅಪ್ಪ ಹಿಮ ಕಂಡವರಲ್ಲ. ಆದರೆ ಮೈಸೂರಿನ ಯೆಜ್ಡಿ ಬೈಕನ್ನು ಇಪ್ಪತ್ತೆರಡು ವರ್ಷ ಓಡಿಸಿದವರು. ಕಿಕ್ಕರನ್ನೇ ಮಡಚಿ ಗೇರು ಮಾಡಿಕೊಳ್ಳುವ ಆ ಗಾಡಿ ಅವರೊಬ್ಬರ ಮಾತನ್ನೇ ಕೇಳುತ್ತಿತ್ತು. "ಹಗ್ಗ ಎಳಿ, ಕೇಳುವಾ" ಎಂದರು. ಎಳೆದೆ. "ಪ್ಲಗ್ ತೋರಿಸು." ಎರಡೂ ಒಣಗಿದ್ದವು. "ಪೆಟ್ರೋಲೇ ಹೋಗ್ತಾ ಇಲ್ಲ ಮಾರಾಯ. ಪೈಲಟ್ ಜೆಟ್ ಕಟ್ಟಿದೆ."

ಪೈಲಟ್ ಜೆಟ್ ಎಂದರೆ ಕಾರ್ಬ್ಯುರೇಟರಿನೊಳಗೆ ಪೆಟ್ರೋಲು ಹಾಯುವ ಸಣ್ಣ ತೂತಿನ ಬಿಡಿಭಾಗ. ಕಾರ್ಬ್ಯುರೇಟರ್ ಬಿಚ್ಚಿದೆ. ತಳದಲ್ಲಿ ವರ್ಷಗಟ್ಟಲೆ ನಿಂತ ಪೆಟ್ರೋಲು ಹಸಿರಾಗಿ, ಜೋನಿ ಬೆಲ್ಲದಂತೆ ಗಟ್ಟಿಯಾಗಿತ್ತು. ಜೆಟ್ಟಿನ ತೂತು ಅರ್ಧ ಮಿಲಿಮೀಟರೂ ಇಲ್ಲ. ಹಳೆಯ ಇಯರ್‌ಫೋನ್ ಕತ್ತರಿಸಿ ತಾಮ್ರದ ಒಂದೆಳೆ ತೂರಿಸಿದೆ, ಬೆಳಕಿಗೆ ಹಿಡಿದರೆ ಸಾಸಿವೆಗಿಂತ ಸಣ್ಣ ಸೂರ್ಯ ಕಂಡ. ಪೆಟ್ರೋಲಿಗೆ ಲೀಟರಿಗೆ 20 ಎಂಎಲ್ ಆಯಿಲ್ ಬೆರೆಸಿ, ಚೋಕ್ ಎಳೆದು, ಮೂರನೆಯ ಸಲಕ್ಕೆ ಹಗ್ಗ ಎಳೆದಾಗ ಗ್ಯಾರೇಜ್ ತುಂಬ ನೀಲಿ ಹೊಗೆ. ಉಡುಪಿ ಬಸ್ ಸ್ಟ್ಯಾಂಡಿನ ವಾಸನೆ. ಹೆಂಡತಿ ಮಹಡಿಯಿಂದಲೇ ಕೂಗಿದಳು. ಏನೆಂದು ಎಂಜಿನ್ ಸದ್ದಿನಲ್ಲಿ ಕೇಳಲಿಲ್ಲ, ಪುಣ್ಯ.

ಮೊದಲ ಸವಾರಿಯಲ್ಲಿ ಸ್ಲೆಡ್ಡನ್ನು ಹಗ್ಗದಿಂದ ಕಟ್ಟಿದ್ದೆ. ನಾನು ಬ್ರೇಕ್ ಹಾಕಿದೆ, ಅದಕ್ಕೆ ಬ್ರೇಕ್ ಇರಲಿಲ್ಲ. ಹಿಂದಿನಿಂದ ಬಂದು ಗುದ್ದಿದ ಹೊಡೆತಕ್ಕೆ ಹೀಟರ್ ನನ್ನನ್ನು ದಾಟಿ ಮುಂದೆ ಹೋಯಿತು. ಇಲ್ಲಿ ಎಲ್ಲರೂ ಕಬ್ಬಿಣದ ಸರಳು ಯಾಕೆ ಹಾಕುತ್ತಾರೆಂದು ಆಗ ತಿಳಿಯಿತು. ಎರಡನೆಯ ಸಲ ಸರಳು ಹಾಕಿದ್ದೆ, ಆದರೆ ಗಡ್ಡೆಯ ಮೇಲೆ ನಿಂತ ಕೆಸರು ಹಿಮದಲ್ಲೇ ಗಾಡಿ ನಿಲ್ಲಿಸಿದೆ. ಸಂಜೆಗೆ ಟ್ರ್ಯಾಕ್ ಸಿಮೆಂಟ್ ಹಾಕಿದಂತೆ ಅಂಟಿತ್ತು. ಈಗ ಗಾಡಿಯನ್ನು ಮೇಲೆತ್ತಿ ನಿಲ್ಲಿಸಲು ಮರದ ಎರಡು ತುಂಡು ಸದಾ ಜೊತೆಗಿರುತ್ತವೆ.

ಮೂರನೆಯ ಸಲ ಎಲ್ಲ ಸರಿಯಿತ್ತು. ಮೈನಸ್ 20. ತೂತು ಕೊರೆದು, ಗಾಳ ಇಳಿಸಿ, ಕೋಲನ್ನು ಬಕೆಟ್ಟಿಗೆ ಒರಗಿಸಿದೆ. ಜಾಗ ಬದಲಿಸೋಣ ಎಂದು ಗಾಡಿಯ ಹಗ್ಗ ಎಳೆದರೆ ಸದ್ದಿಲ್ಲ. ಅಪ್ಪನಿಗೆ ಫೋನು. ಪ್ಲಗ್ ಬಿಚ್ಚಿಸಿದರು, ಒರೆಸಿಸಿದರು, ಬಾಯಿಂದ ಊದಿಸಿದರು. ಮುಕ್ಕಾಲು ಗಂಟೆ. ಪಕ್ಕದ ಗುಡಾರದ ಮುದುಕ ಕಾಫಿ ಹಿಡಿದೇ ಬಂದು, ಹ್ಯಾಂಡಲಿನ ಕೆಂಪು ಬಟನ್ನನ್ನು ಒಂದು ಬೆರಳಿನಿಂದ ಮೇಲೆತ್ತಿ, ಏನೂ ಹೇಳದೆ ವಾಪಸು ಹೋದ. ಎಂಜಿನ್ ಆರಿಸುವ ಕಿಲ್ ಸ್ವಿಚ್. ಯೆಜ್ಡಿಯಲ್ಲಿ ಅಂಥದ್ದಿರಲಿಲ್ಲ, ಅಪ್ಪನ ತಪ್ಪೇನೂ ಇಲ್ಲ.

ಎಂಜಿನ್ ಗುಡುಗಿತು. "ಹಾಗೇ ಬಿಡು, ಫೋನ್ ಅದರ ಹತ್ರ ಹಿಡಿ" ಎಂದರು ಅಪ್ಪ. ಅವರ ಯೆಜ್ಡಿ ಗುಜರಿಗೆ ಹೋಗಿ ಹನ್ನೆರಡು ವರ್ಷವಾಯಿತು. ಹಿಡಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. "ಐಡ್ಲಿಂಗ್ ಸ್ವಲ್ಪ ಜಾಸ್ತಿ ಉಂಟು, ಕಾಲು ಸುತ್ತು ಇಳಿಸು." ಇಳಿಸಿದೆ. "ಇನ್ನೊಂಚೂರು."

ಹಿಂದೆ ಬಕೆಟ್ ಮಗುಚಿದ ಸದ್ದಾಯಿತು. ತಿರುಗುವಷ್ಟರಲ್ಲಿ ಕೋಲು, ರೀಲು, ದಾರ ಎಲ್ಲ ಎಂಟಿಂಚಿನ ತೂತಿನೊಳಗೆ ಇಳಿದು ಹೋಗಿತ್ತು.

"ಎಂತ ಆಯ್ತು?" ಎಂದರು ಅಪ್ಪ.

"ಮೀನು ಬಂದಿತ್ತು."

"ಹೌದಾ? ಫೋನ್ ತೆಗೀಬೇಡ, ಈಗ ಸರಿ ಕೇಳ್ತಾ ಉಂಟು."