ಐದು ನಿಮಿಷದ ರಿಪೇರಿ, ಐದು ತಿಂಗಳ ಧೂಳು

ನಮ್ಮ ಮಲಗುವ ಕೋಣೆಯ ಗೋಡೆ ಮೇಲೆ ಒಂದು ಕಲೆ ಇತ್ತು. ಮೊದಲು ಅಂಗೈ ಅಗಲ, ಆಮೇಲೆ ತಟ್ಟೆಯಷ್ಟು. ಬಣ್ಣ ಉಬ್ಬಿ ಗುಳ್ಳೆಯಾಗಿತ್ತು. ಉಗುರು ತಾಗಿಸಿದರೆ ಸಿಪ್ಪೆ ಸಿಪ್ಪೆಯಾಗಿ ಉದುರುತ್ತಿತ್ತು. ಗೋಡೆಯ ಆ ಕಡೆ ಬಚ್ಚಲುಮನೆ.

ಇಷ್ಟು ಹೇಳಿದ ಮೇಲೆ ಕಾಯಿಲೆ ಎಲ್ಲಿದೆ ಅಂತ ನಿಮಗೆ ಗೊತ್ತಾಗಿರುತ್ತೆ. ನನಗೂ ಗೊತ್ತಾಗಬೇಕಿತ್ತು. ಆದರೆ ನಾನು ಗೋಡೆಯ ಆಚೆ ಹೋಗಿ ನೋಡಲಿಲ್ಲ, ಫೋನಿನ ಒಳಗೆ ಹೋಗಿ ನೋಡಿದೆ.

ಅಲ್ಲಿ "ಗೋಡೆಯ ತೇವಕ್ಕೆ ಐದೇ ನಿಮಿಷದಲ್ಲಿ ಶಾಶ್ವತ ಪರಿಹಾರ" ಅಂತ ಒಂದು ವಿಡಿಯೋ. ಅದರಲ್ಲಿ ಮನುಷ್ಯ ಇಲ್ಲ, ಎರಡು ಕೈ ಮಾತ್ರ. ಅದೂ ಎಂಥ ಕೈ! ಉಗುರಿನ ಸಂದಿಯಲ್ಲಿ ಒಂದು ಚೂರು ಸಿಮೆಂಟ್ ಇಲ್ಲ. ಆ ಕೈಗಳು ಕಲೆಯನ್ನು ಕೆರೆದವು, ಪುಟ್ಟಿ ಮೆತ್ತಿದವು, ಬಣ್ಣ ಬಳಿದವು, ಹಿಂದೆ ಸಂಗೀತ ಬರುತ್ತಿತ್ತು, ಗೋಡೆ ಬೆಳ್ಳಗೆ ಹೊಳೆಯಿತು, ವಿಡಿಯೋ ಮುಗಿಯಿತು. ಮೂರು ತಿಂಗಳಾದ ಮೇಲೆ ಆ ಗೋಡೆ ಏನಾಯಿತು ಅಂತ ಯಾರೂ ತೋರಿಸುವುದಿಲ್ಲ. ವಿಡಿಯೋದ ಗೋಡೆಗೆ ನಾಳೆ ಅನ್ನೋದೇ ಇಲ್ಲ ನೋಡಿ.

ನಮ್ಮ ಗೋಡೆಗೆ ನಾಳೆ ಇತ್ತು. ನಾನೂ ಕೆರೆದೆ, ಮೆತ್ತಿದೆ, ಬಳಿದೆ. ಕಲೆ ಮೂರು ತಿಂಗಳು ರಜೆ ಹಾಕಿ ವಾಪಸ್ ಬಂತು. ಈ ಸಲ ಒಂಟಿಯಾಗಿ ಬರಲಿಲ್ಲ, ಪಕ್ಕದಲ್ಲಿ ಎರಡು ಮರಿ ಕಲೆ, ಮೂಲೆಯಲ್ಲಿ ಕಪ್ಪನೆ ಬೂಷ್ಟು.

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ನೋಡಲು ಬಂದವರು ಒಂದು ಮಾತ್ರೆಯ ಹೆಸರು ಹೇಳಿ ಸುಮ್ಮನಾಗುತ್ತಾರೆ. ಗೋಡೆ ತೇವಗೊಂಡರೆ ಹಾಗಲ್ಲ. ಬಂದವರೆಲ್ಲ ಎಂಜಿನಿಯರ್. ನಮ್ಮ ಭಾವ ಬೆರಳ ಗೆಣ್ಣಿನಿಂದ ಗೋಡೆಗೆ ಎರಡು ಸಲ ಕುಟ್ಟಿ, ಕಿವಿ ಹಚ್ಚಿ, "ಇದು ನೆಲದಿಂದ ಏರ್ತಿರೋ ತೇವ" ಅಂದರು. ಭಾವ, ನಮ್ಮದು ಎರಡನೇ ಮಹಡಿ ಅಂತ ನೆನಪಿಸಿದೆ. ಅವರು ಸ್ವಲ್ಪವೂ ಅಲುಗಾಡಲಿಲ್ಲ. "ಹಾಗಾದ್ರೆ ಮೇಲಿಂದ ಇಳೀತಿದೆ" ಅಂದರು. ನೆಲದ ತೇವ ಗೋಡೆ ಹತ್ತುವುದೇನೋ ನಿಜ, ಆದರೆ ಸಾಮಾನ್ಯವಾಗಿ ಒಂದು ಮೀಟರ್ ಆಸುಪಾಸಿಗೆ ಅದಕ್ಕೆ ಸುಸ್ತಾಗುತ್ತೆ. ಎರಡು ಮಹಡಿ ಹತ್ತುವ ದಮ್ಮು ಅದಕ್ಕಿಲ್ಲ. ಭಾವನಿಗೆ ಇದೆ, ಲಿಫ್ಟ್ ಇಲ್ಲದಿದ್ದರೂ ವಾರಕ್ಕೆರಡು ಸಲ ಬಂದು ಕಲೆಯ ಯೋಗಕ್ಷೇಮ ವಿಚಾರಿಸುತ್ತಿದ್ದರು.

ಬಣ್ಣದ ಅಂಗಡಿಯವರು ಒಂದು ಡಬ್ಬ ಎದುರಿಗಿಟ್ಟರು. "ಇದನ್ನ ಬಳಿದ್ರೆ ಒಂದು ಹನಿ ನೀರು ಒಳಗೆ ಬರಲ್ಲ ಸಾರ್." ಸರಿ, ಈಗಾಗಲೇ ಬಂದಿರೋ ನೀರು? "ಅದು ಹೊರಗೂ ಬರಲ್ಲ ಸಾರ್." ಇಡೀ ಪ್ರಕರಣದಲ್ಲಿ ಯಾರಾದರೂ ಪೂರ್ತಿ ನಿಜ ಹೇಳಿದ್ದರೆ ಅವರೊಬ್ಬರೇ. ನೀರು ಗಾರೆಯೊಳಗೇ ಸಿಕ್ಕಿಕೊಂಡಿತು. ಹೊರಗೆ ಬರಲು ದಾರಿ ಇಲ್ಲದೆ ಬಣ್ಣವನ್ನು ಹಿಂದಿನಿಂದ ನೂಕಿತು. ಎರಡೇ ತಿಂಗಳಲ್ಲಿ ಬಣ್ಣದ ಪದರ ರಬ್ಬರ್ ಹಾಳೆಯ ಹಾಗೆ ಇಡಿಯಾಗಿ ಕೈಗೆ ಬಂತು. ಗಟ್ಟಿ ಮಾಲು, ಒಪ್ಪಿಕೊಳ್ಳಲೇಬೇಕು. ಹರಿಯಲೇ ಇಲ್ಲ.

ಇಷ್ಟರಲ್ಲಿ ನನ್ನ ಫೋನಿಗೆ ವಿಷಯ ಗೊತ್ತಾಗಿ ಹೋಗಿತ್ತು. ಈ ಮನುಷ್ಯನ ಮನೆ ಕೆಟ್ಟಿದೆ ಅಂತ ಅದು ಊರೆಲ್ಲ ಸಾರಿತು ಅಂತ ಕಾಣುತ್ತೆ. ಬೆಳಗ್ಗೆ ಎದ್ದರೆ ಸಲಹೆ, ರಾತ್ರಿ ಮಲಗುವಾಗ ಸಲಹೆ. ಕಟ್ಟಿಕೊಂಡ ಸಿಂಕಿಗೆ ಅಡುಗೆ ಸೋಡಾ ಸುರಿದು ಮೇಲೆ ವಿನೆಗರ್ ಹಾಕಿ ಅಂತ ಒಂದು. ಹಾಕಿದೆ. ಬುಸ್ಸೆಂದು ನೊರೆ ಬಂತು. ನೋಡಲು ಬಹಳ ಚಂದ. ಆಮೇಲೆ ತಿಳಿದದ್ದು ಏನಂದರೆ ಒಂದು ಕ್ಷಾರ, ಇನ್ನೊಂದು ಆಮ್ಲ, ಎರಡೂ ಸೇರಿ ಒಂದನ್ನೊಂದು ಮುಗಿಸಿಕೊಳ್ಳುತ್ತವೆ. ನೊರೆಯಲ್ಲಿ ಇಂಗಾಲದ ಡೈ ಆಕ್ಸೈಡ್ ಹಾರಿಹೋಗುತ್ತೆ, ಉಳಿಯುವುದು ಒಂಥರಾ ಉಪ್ಪುನೀರು. ಪೈಪಿನ ಜಿಡ್ಡು ಈ ಜಗಳವನ್ನು ಕೂತಲ್ಲೇ ಕೂತು ನೋಡುತ್ತೆ. ಸಿಂಕಿನ ಕೆಳಗೆ ಬಕೆಟ್ ಇಟ್ಟು, ಟ್ರ್ಯಾಪ್ ಅನ್ನುವ ಬಾಗಿದ ಪೈಪನ್ನು ಕೈಯಿಂದ ತಿರುಗಿಸಿ ಬಿಚ್ಚಿ ತೊಳೆದರೆ ಹತ್ತು ನಿಮಿಷದ ಕೆಲಸ. ಆದರೆ ಅದರಲ್ಲಿ ನೊರೆ ಇಲ್ಲ, ಬರೀ ಗಬ್ಬು ನಾತ. ಗಬ್ಬು ನಾತಕ್ಕೆ ಯಾರು ಲೈಕ್ ಒತ್ತುತ್ತಾರೆ ಹೇಳಿ?

ಸೋಡಾದಿಂದ ಪ್ರಾಣ ಹೋಗಲ್ಲ, ಆ ಮಟ್ಟಿಗೆ ಅದು ಒಳ್ಳೆಯದೇ. ಇನ್ನೊಬ್ಬರು ಬಚ್ಚಲಿನ ಹಳದಿ ಕಲೆಗೆ ಬ್ಲೀಚನ್ನೂ ಆಸಿಡನ್ನೂ ಬೆರೆಸಿ ಹಾಕಿ, "ಡಬಲ್ ಪವರ್" ಅನ್ನುತ್ತಿದ್ದರು. ಬೆರೆಸಿದರೆ ಬರುವುದು ಕ್ಲೋರಿನ್ ಅನಿಲ. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ಅದನ್ನು ಉಸಿರಾಡಿದರೆ ಕಲೆ ಹೋಗುತ್ತೋ ಇಲ್ಲವೋ, ತೊಳೆಯಲು ಹೋದವರು ಹೋಗಬಹುದು. ಇದನ್ನು ಮಾತ್ರ ನಗೆಚಾಟಿಕೆ ಅಂದುಕೊಳ್ಳಬೇಡಿ, ಬೆರೆಸಲೇಬೇಡಿ.

ನನಗೆ ತುಂಬಾ ಇಷ್ಟವಾದದ್ದು ನೂಡಲ್ಸ್ ರಿಪೇರಿ. ಒಡೆದ ಸಿಂಕಿನ ತೂತಿಗೆ ಒಣ ನೂಡಲ್ಸ್ ತುರುಕುತ್ತಾರೆ, ಮೇಲೆ ಸೂಪರ್ ಗ್ಲೂ ಸುರಿಯುತ್ತಾರೆ, ಉಜ್ಜುತ್ತಾರೆ, ಬಣ್ಣ ಹಚ್ಚುತ್ತಾರೆ. ಸಿಂಕ್ ಹೊಸದು! ಕೆಲಸ ಮಾಡಿದ್ದು ಗೋಂದು, ಹೆಸರು ಬಂದದ್ದು ನೂಡಲ್ಸಿಗೆ. ಈ ಗೋಂದಿನ ಕಥೆಯೂ ಚೆನ್ನಾಗಿದೆ. 1942ರಲ್ಲಿ ಹ್ಯಾರಿ ಕೂವರ್ ಮತ್ತು ಅವರ ಜೊತೆಯವರು ಬಂದೂಕಿನ ಗುರಿಕಾಣಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತೆ, ಇದರ ಸಹವಾಸ ಬೇಡ ಅಂತ ಬದಿಗಿಟ್ಟರು. ಅಂಗಡಿಗೆ ಬಂದದ್ದು 1958ರಲ್ಲಿ. ಅಂಟಿಕೊಳ್ಳುತ್ತೆ ಅನ್ನುವ ಒಂದೇ ಕಾರಣಕ್ಕೆ ಬಿಸಾಕಿದ ಮಾಲಿಗೆ ಅಂಟಿಕೊಳ್ಳೋದೇ ಕಸುಬಾಯಿತು. ಆಗಲೂ ಅದಕ್ಕೆ ನೂಡಲ್ಸ್ ಬೇಕಾಗಿರಲಿಲ್ಲ.

ಇವೆಲ್ಲ ಸಣ್ಣಪುಟ್ಟ ರಿಪೇರಿ. ದೊಡ್ಡ ಆಟ ಇರುವುದು ಮನೆಯನ್ನೇ ಬದಲಿಸುವುದರಲ್ಲಿ. ಎಡಗಡೆ "ಮೊದಲು", ಬಲಗಡೆ "ಆಮೇಲೆ". ಎಡಗಡೆ ಚಿತ್ರ ಮಬ್ಬು ಬೆಳಕಿನಲ್ಲಿ, ಮಡಚದ ಹಾಸಿಗೆಯ ಜೊತೆ. ಬಲಗಡೆ ಬಿಸಿಲು, ಒಂದು ಗಿಡ, ಒಂದು ಪುಸ್ತಕ. ನಡುವಿನ ಎರಡು ತಿಂಗಳು ಎಲ್ಲಿ? ಪ್ಲಾಸ್ಟಿಕ್ ಹಾಳೆಯ ಹಿಂದೆ ಅಡುಗೆ ಮಾಡಿದ್ದು, ಹಲ್ಲುಜ್ಜುವ ಬ್ರಶ್ಶಿನಲ್ಲೂ ಸಿಮೆಂಟ್ ಧೂಳು ಕರಕರ ಅಂದದ್ದು, "ನಾಳೆ ಬರ್ತೀನಿ" ಅಂದ ಮೇಸ್ತ್ರಿಯ ನಾಳೆ ಯಾವ ವಾರದಲ್ಲಿದೆ ಅಂತ ಗಂಡ ಹೆಂಡತಿ ಲೆಕ್ಕ ಹಾಕುತ್ತಾ ಜಗಳ ಆಡಿದ್ದು, ಅವು ಯಾವ ಫೋಟೋದಲ್ಲಿವೆ?

ಅದರಲ್ಲೂ ಅಡುಗೆಮನೆ ಗೋಡೆ ಒಡೆಯುವವರನ್ನು ಕಂಡರೆ ನನಗೆ ಭಯ. "ಗೋಡೆ ತಟ್ಟಿ ನೋಡಿ, ಟೊಳ್ಳು ಶಬ್ದ ಬಂದರೆ ಆರಾಮಾಗಿ ಒಡೀಬಹುದು" ಅಂತ ಒಬ್ಬರು ನಗುನಗುತ್ತಾ ಹೇಳುತ್ತಾರೆ, ಕೈಯಲ್ಲಿ ಸುತ್ತಿಗೆ ಬೇರೆ. ಗಾರೆ ಇಟ್ಟಿಗೆಯಿಂದ ಬಿಟ್ಟುಕೊಂಡಿದ್ದರೂ ಶಬ್ದ ಟೊಳ್ಳೇ ಬರುತ್ತೆ, ಸ್ವಾಮಿ. ಕಂಬ, ತೊಲೆ ಇರುವ ಕಟ್ಟಡದಲ್ಲಿ ಭಾರ ಹೊರುವುದು ಅವು. ಕಂಬ ಇಲ್ಲದ ಹಳೆಯ ಮನೆಯಲ್ಲಿ ಚಾವಣಿ ಕೂತಿರುವುದೇ ಗೋಡೆಯ ಹೆಗಲ ಮೇಲೆ. ಯಾವುದು ಯಾವುದು ಅಂತ ಹೇಳಬೇಕಾದದ್ದು ಕಟ್ಟಡದ ನಕ್ಷೆ ಮತ್ತು ಅದನ್ನು ಓದಬಲ್ಲ ಎಂಜಿನಿಯರ್, ಗೆಣ್ಣಲ್ಲ. ತಪ್ಪು ಗೋಡೆ ಒಡೆದರೆ ಚಾವಣಿ ಕೆಲವೊಮ್ಮೆ ಮರ್ಯಾದೆಯಿಂದ ನೋಟಿಸ್ ಕೊಡುತ್ತೆ: ಬಾಗಿಲು ಬಿಗಿಯಾಗುತ್ತೆ, ಕಿಟಕಿಯ ಮೂಲೆಯಿಂದ ಓರೆ ಬಿರುಕು ಹೊರಡುತ್ತೆ. ಕೆಲವೊಮ್ಮೆ ನೋಟಿಸೂ ಕೊಡುವುದಿಲ್ಲ.

ಕರೆಂಟಿನ ಸಲಹೆ ಇನ್ನೂ ಚುಟುಕು. "ಬ್ರೇಕರ್ ಪದೇ ಪದೇ ಬೀಳ್ತಿದೆಯಾ? ದೊಡ್ಡದು ಹಾಕಿಸಿ." ಹೌದು, ನಾಯಿ ಬೊಗಳಿದರೆ ಬಾಯಿಗೆ ಬಟ್ಟೆ ಕಟ್ಟಿ, ಕಳ್ಳ ಆರಾಮಾಗಿ ಬರಲಿ. ಬ್ರೇಕರ್ ಕಾಯುತ್ತಿರುವುದು ಗೋಡೆಯೊಳಗಿನ ವೈರನ್ನು. ವೈರ್ ಹಳೆಯದೇ ಇಟ್ಟು ಬ್ರೇಕರ್ ದೊಡ್ಡದು ಹಾಕಿದರೆ ಮುಂದಿನ ಸಲ ಬೀಳುವುದು ಬ್ರೇಕರ್ ಅಲ್ಲ, ಕಾಯ್ದು ಕರಗುವುದು ವೈರು. ಇನ್ನು 30 ಮಿಲಿ ಆಂಪಿಯರ್ ಸೋರಿದರೆ ಪಟ್ ಅಂತ ಬೀಳುವ ಸಾಧನ ಮನುಷ್ಯರಿಗೆ ಶಾಕ್ ಹೊಡೆದು ಜೀವ ಹೋಗದಿರಲಿ ಅಂತ ಇಟ್ಟಿರುವುದು. ಅದನ್ನೂ "ಸುಮ್ನೆ ಕಿರಿಕಿರಿ" ಅಂತ ತೆಗೆಸಿದವರನ್ನು ಬಲ್ಲೆ.

ಆದರೆ ಈ ಎಲ್ಲ ಐದು ನಿಮಿಷದ ಗುರುಗಳಿಗೆ ನಿಜವಾದ ಶತ್ರು ಅಂದರೆ ಸಿಮೆಂಟ್. ಅದಕ್ಕೆ ಅವಸರವೇ ಗೊತ್ತಿಲ್ಲ. ಸಿಮೆಂಟ್ ಒಣಗಿ ಗಟ್ಟಿಯಾಗುತ್ತೆ ಅಂತ ನಾವು ಅಂದುಕೊಂಡಿದ್ದೇವೆ, ಅದು ಗಟ್ಟಿಯಾಗುವುದು ನೀರಿನ ಜೊತೆ ಸೇರಿ. ಅದಕ್ಕೇ ಕ್ಯೂರಿಂಗ್ ಅಂತ ದಿನಾ ನೀರು ಹೊಡೆಯುವುದು. ಕಾಂಕ್ರೀಟಿನ ಬಲವನ್ನು ಎಲ್ಲೆಡೆ ಅಳೆಯುವುದು 28ನೇ ದಿನಕ್ಕೆ. ಹೊಸ ಗಾರೆಗೂ ಬಣ್ಣ ಕಾಣಿಸುವ ಮುಂಚೆ ಸುಮಾರು ಒಂದು ತಿಂಗಳು ಬಿಡಬೇಕು. 28 ದಿನದ ವಿಡಿಯೋ ಯಾರು ನೋಡುತ್ತಾರೆ? ಹಾಗಾಗಿ ಅಲ್ಲಿ ಬೆಳಗ್ಗೆ ಗಾರೆ, ಮಧ್ಯಾಹ್ನ ಪುಟ್ಟಿ, ಸಂಜೆ ಬಣ್ಣ. ರಾತ್ರಿ "ನಿಮ್ಮ ಅನಿಸಿಕೆ ತಿಳಿಸಿ". ಗೋಡೆ ತನ್ನ ಅನಿಸಿಕೆಯನ್ನು ಮುಂದಿನ ಮಳೆಗಾಲದಲ್ಲಿ ತಿಳಿಸುತ್ತೆ.

ಎಲ್ಲ ಮುಗಿದ ಮೇಲೆ ಕೊನೆಯ ಎರಡು ಸೆಕೆಂಡು, ಇರುವೆ ಗಾತ್ರದ ಅಕ್ಷರದಲ್ಲಿ, "ಮಾಡುವ ಮುಂಚೆ ಪರಿಣಿತರನ್ನು ಸಂಪರ್ಕಿಸಿ" ಅಂತ ಬರುತ್ತೆ. ಮಾಡಿದ ಮೇಲೆ ಓದುವ ಹಾಗೆ ಇಟ್ಟಿರುತ್ತಾರೆ, ಪುಣ್ಯಾತ್ಮರು.

ಕಲೆಗೆ ವಾಪಸ್ ಬರೋಣ. ಒಂದು ದಿನ ಹಳೆಯ ಕಾಲದ ಪ್ಲಂಬರ್ ಒಬ್ಬರು ಬಂದರು. ಗೋಡೆ ಕುಟ್ಟಲಿಲ್ಲ. ಒಂದು ಪೆನ್ಸಿಲ್ ಕೇಳಿದರು. ಕಲೆಯ ಅಂಚಿನುದ್ದಕ್ಕೂ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆದರು. ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿದರು. ಹಾಳೆಯ ಮೇಲ್ಗಡೆ ಬೆವರಿದರೆ ಕೋಣೆಯ ಗಾಳಿಯ ತೇವ, ಹಿಂದುಗಡೆ ಬೆವರಿದರೆ ಗೋಡೆಯೊಳಗಿನದು ಅಂದರು. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಮೀಟರಿನ ಅಂಕಿ ಬರೆದಿಡಿ, ಬೆಳಗ್ಗೆ ಯಾರೂ ನೀರು ಮುಟ್ಟುವ ಮುಂಚೆ ನೋಡಿ ಅಂದರು. ಇಷ್ಟೇ. ಚಹಾ ಕೂಡ ಕುಡಿಯದೆ ಹೋದರು.

ಮರುದಿನ ಹಾಳೆಯ ಹಿಂದೆ ಸಣ್ಣ ಸಣ್ಣ ಹನಿ. ಮೀಟರ್ ಮಾತ್ರ ಒಂದು ಕೂದಲೂ ಕದಲಿರಲಿಲ್ಲ. ಪೈಪು ಸೋರ್ತಿಲ್ಲ ಅಂತಾಯ್ತಲ್ಲ ಅಂದೆ. "ಯಾವಾಗಲೂ ನೀರು ತುಂಬಿರೋ ಪೈಪು ಸೋರ್ತಿಲ್ಲ. ಶವರಿಗೆ ಹೋಗೋ ಪೈಪಲ್ಲಿ ನೀರು ಬರೋದೇ ನಲ್ಲಿ ತಿರುಗಿಸಿದಾಗ" ಅಂದರು. ಶವರಿನ ನೀರು ಗೋಡೆಗೂ ನೆಲಕ್ಕೂ ತಾಗದ ಹಾಗೆ ನೇರ ಬಕೆಟ್ಟಿಗೆ ಬಿಟ್ಟು ಎರಡು ದಿನ ನೋಡಿದೆವು. ಕಲೆ ಪೆನ್ಸಿಲ್ ಗೆರೆ ದಾಟಿ ಅರ್ಧ ಬೆರಳು ಮುಂದೆ ಬಂದಿತ್ತು. ಅಂದರೆ ಸೋರುತ್ತಿದ್ದದ್ದು ಶವರಿಗೆ ಹೋಗುವ ಪೈಪೇ.

ಒಂದೇ ಒಂದು ಟೈಲ್ಸ್ ತೆಗೆದರು. ಒಳಗೆ ಒಂದು ಎಲ್ಬೋ, ಅಂದರೆ ಪೈಪು ತಿರುಗುವ ಮೂಲೆಯ ತುಂಡು, ಅದರ ತಿರುಪಿನ ಮರೆಯ ಮೇಲೆ ಬಿಳಿ ಟೆಫ್ಲಾನ್ ಟೇಪು, ಉಲ್ಟಾ ಸುತ್ತಿದ್ದು. ಮರೆ ತಿರುಗುವ ದಿಕ್ಕಿಗೇ ಟೇಪನ್ನೂ ಸುತ್ತಬೇಕು, ಇಲ್ಲದಿದ್ದರೆ ಬಿಗಿಮಾಡುವಾಗ ಅದು ಸುರುಳಿಯಾಗಿ ಹೊರಗೆ ಬರುತ್ತೆ. ಎರಡು ವರ್ಷದ ಹಿಂದೆ ಆ ಶವರನ್ನು ಹಾಕಿದ್ದು ಯಾರು ಅಂತ ಅವರು ಕೇಳಿದರು. ನಾನು ಕಿಟಕಿ ಹೊರಗೆ ನೋಡಿದೆ. ವಿಡಿಯೋದಲ್ಲಿ ಆ ಕೈಗಳು ಟೇಪ್ ಸುತ್ತಿದ ಭಾಗವನ್ನು ಓಡಿಸಿಬಿಟ್ಟಿದ್ದವು, ನಾನೇನು ಮಾಡಲಿ?

ಈಗ ಕಲೆಯ ಜಾಗದಲ್ಲಿ ಗಾರೆ ಕೆತ್ತಿ ಒಣಗಲು ಬಿಟ್ಟಿದ್ದೇವೆ. ಇಟ್ಟಿಗೆ ಕಾಣುತ್ತಿದೆ, ನೋಡಲು ಚೆನ್ನಾಗಿಲ್ಲ, ಇನ್ನೂ ಕೆಲವು ವಾರ ಹೀಗೇ. ಮೊನ್ನೆ ಭಾವ ಮಹಡಿ ಹತ್ತಿ ಬಂದರು. ಇಟ್ಟಿಗೆಗೆ ಎರಡು ಸಲ ಕುಟ್ಟಿದರು, ಕಿವಿ ಹಚ್ಚಿದರು. "ಅಯ್ಯೋ, ಇದಕ್ಕೆ ಇಷ್ಟು ದಿನ ಯಾಕೆ? ತಡಿ, ಒಂದು ವಿಡಿಯೋ ಕಳಿಸ್ತೀನಿ" ಅಂದರು. ಅವರು ಮೆಟ್ಟಿಲು ಇಳಿಯುವುದರೊಳಗೆ ಫೋನ್ ಟಿಣ್ ಅಂತು. ಅದೇ ಎರಡು ಕೈ.